ಪಾಸಾದ ಮಗುವಿಗೆ ಮುಯ್ಯಿ ಎಷ್ಟು?

ಹತ್ತನೇ ಇಯತ್ತೆಯ ಫಲಿತಾಂಶ ಹೊರಬಿದ್ದ ದಿನ ಸಂಜೆ ಜವಳಗೇರಾದ ಚಹಾ ಅಂಗಡಿಗಳಲ್ಲಿ ನಡೆಯುವುದು ಎರಡೇ ಮಾತು. ಮೊದಲನೆಯದು ಗಟ್ಟಿ ದನಿಯದು: ಯಾರ ಮಗ ಎಷ್ಟು ಮಾರ್ಕ್ಸ್ ತೆಗೆದ, ಯಾರ ಮಗಳು ಸಾಲಿಗೇ ಫಸ್ಟ್ ಬಂದಳು. ಎರಡನೆಯದು ದನಿ ತಗ್ಗಿಸಿ ಆಡುವ ಮಾತು: "ಅಕ್ಕನ ಮಗಳು ಪಾಸಾಗ್ಯಾಳ. ಬರಿಗೈಲೆ ಹೆಂಗ ಹೋಗಾದು? ಎಷ್ಟು ಕೊಡಬೇಕಪಾ?"

ಮೊದಲನೆಯ ಮಾತನ್ನು ನಾವು ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಅಚ್ಚು ಮಾಡುತ್ತೇವೆ. 2024ರಲ್ಲಿ ಯಾದಗಿರಿ ಜಿಲ್ಲೆ ಕೊನೆಯ ಸ್ಥಾನಕ್ಕೆ ಹೋಯಿತು, 2025ರಲ್ಲಿ ಕಲಬುರಗಿ ಹೋಯಿತು, ಕಲ್ಯಾಣ ಕರ್ನಾಟಕದ ಮಾನ ಹೋಯಿತು ಎಂದು ಪುಟಗಟ್ಟಲೆ ಬರೆದೆವು. ಮಂತ್ರಿಗಳೂ ಮಾತಾಡಿದರು, ಡಿಡಿಪಿಐ ಕಚೇರಿಯಲ್ಲಿ ಸಭೆಗಳೂ ಆದವು. ಆದರೆ ಪಾಸಾದ ಮಕ್ಕಳು ಮುಂದೆ ಹೋಗುತ್ತಾರೋ, ಮನೆಯಲ್ಲೇ ಕೂಡುತ್ತಾರೋ ಎಂಬುದು ಸಭೆಗಳಲ್ಲಿ ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವುದು ಫಲಿತಾಂಶ ಬಂದ ಮೇಲಿನ ಮೂರು ನಾಲ್ಕು ವಾರಗಳಲ್ಲಿ, ಮನೆಯ ಪಡಸಾಲೆಯಲ್ಲಿ, ಬಂಧುಬಳಗದ ಎದುರಿನಲ್ಲಿ. ಅದಕ್ಕೇ ಆ ಎರಡನೆಯ ಮಾತನ್ನು ಇವತ್ತು ಈ ಅಂಕಣಕ್ಕೆ ತಂದಿದ್ದೇವೆ. ಇದೇನು ಸಂಪಾದಕೀಯ ಬರೆಯುವ ವಿಷಯವೇ ಎಂದು ಮೂಗು ಮುರಿಯುವವರು ಮುರಿಯಲಿ. ರೊಕ್ಕದ ವಿಷಯ ಸಣ್ಣದಲ್ಲ.

ನಮ್ಮ ಕಡೆ ಇದಕ್ಕೆ ಆಹೇರು ಎನ್ನುತ್ತಾರೆ, ಮುಯ್ಯಿ ಎನ್ನುತ್ತಾರೆ. ಮದುವೆ, ಸೀಮಂತ, ತೊಟ್ಟಿಲು, ಗೃಹಪ್ರವೇಶಗಳಿಗೆ ಇದ್ದ ಪದ್ಧತಿ ಈಗ ಎಸ್ಸೆಸ್ಸೆಲ್ಸಿಗೂ ಬಂದಿದೆ. ಮುಯ್ಯಿಯ ಮೂಲದಲ್ಲಿ ಕೆಟ್ಟದ್ದೇನೂ ಇಲ್ಲ. ಒಂದು ಮನೆಗೆ ದೊಡ್ಡ ಖರ್ಚು ಬಂದಾಗ ಹತ್ತು ಮನೆಯವರು ಕೈ ಕೂಡಿಸುವುದು, ಮುಂದೆ ಆ ಹತ್ತರಲ್ಲಿ ಒಬ್ಬರಿಗೆ ಖರ್ಚು ಬಂದಾಗ ಈ ಮನೆಯವರೂ ಕೈ ಕೂಡಿಸುವುದು. ಬ್ಯಾಂಕು ಊರಿಗೆ ಬರುವುದಕ್ಕಿಂತ ಎಷ್ಟೋ ಮೊದಲೇ ನಮ್ಮ ಹಿರಿಯರು ಕಟ್ಟಿಕೊಂಡಿದ್ದ ಬಡ್ಡಿಯಿಲ್ಲದ ಬ್ಯಾಂಕು ಅದು. ಆಗ ರೊಕ್ಕವೇ ಆಗಬೇಕೆಂದೇನೂ ಇರಲಿಲ್ಲ. ಜೋಳ ತಂದವರು ಜೋಳ ತಂದರು, ಕುಬಸದ ಕಣ ತಂದವರು ಕಣ ತಂದರು, ಏನೂ ಇಲ್ಲದವರು ಎರಡು ದಿನ ಮೊದಲೇ ಬಂದು ಅಡಿಗೆ ಮನೆಯಲ್ಲಿ ರೊಟ್ಟಿ ಬಡಿದರು.

ಆದರೆ ಅದೇ ಮುಯ್ಯಿ ಎಂಬ ಶಬ್ದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆಯಲ್ಲ! ಮುಯ್ಯಿ ತೀರಿಸಿಕೊಳ್ಳುವುದು ಎಂದರೆ ಸೇಡು ತೀರಿಸಿಕೊಳ್ಳುವುದು. ಕೊಡುಗೆಗೂ ಸೇಡಿಗೂ ಒಂದೇ ಶಬ್ದ ಇಟ್ಟ ನಮ್ಮ ಪೂರ್ವಿಕರು ಬಲು ಜಾಣರು. ಯಾಕೆಂದರೆ ಮನೆಯ ಟ್ರಂಕಿನ ತಳದಲ್ಲಿ ಒಂದು ಮುಯ್ಯಿ ಪಟ್ಟಿ ಇರುತ್ತದೆ. ಯಾರು, ಯಾವ ಊರು, ಎಷ್ಟು ಹಾಕಿದರು, ಎಲ್ಲವೂ ಅದರಲ್ಲಿ ದಾಖಲು. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ ಇರುವ ತೆಲುಗು ಮಂದಿ ಇದಕ್ಕೆ ಚದಿವಿಂಪುಲು ಎನ್ನುತ್ತಾರೆ. ಚದುವು ಎಂದರೆ ಓದು. ಕೊಟ್ಟವರ ಹೆಸರು, ಕೊಟ್ಟ ಮೊತ್ತ ಗಟ್ಟಿಯಾಗಿ ಓದುವುದರಿಂದ ಆ ಹೆಸರು. ಮದುವೆ ಚಪ್ಪರದಲ್ಲಿ ಮೈಕಿನೊಳಗೆ ಇಂಥವರು ಐನೂರಾ ಒಂದು, ಇಂಥವರು ಸಾವಿರದಾ ಒಂದು ಎಂದು ಕೂಗುವುದನ್ನು ನಾವೂ ಕೇಳಿಲ್ಲವೆ? ಮೈಕು ಕೂಗಿದ ಮೇಲೆ ಅದು ಕೊಡುಗೆಯಾಗಿ ಉಳಿಯುವುದಿಲ್ಲ, ಸಾಲದ ಪತ್ರವಾಗುತ್ತದೆ.

ಮದುವೆಯ ಮುಯ್ಯಿಗೆ ಹಾಗೆ ನಡೆಯಲಿ ಬಿಡಿ. ಆ ಸಾಲ ತಂದೆತಾಯಿಗಳದ್ದು, ತೀರಿಸುವವರೂ ಅವರೇ. ಆದರೆ ಸಾಲಿಗೆ ಹೋಗುವ ಮಗುವಿನ ಕೈಗೆ ಇಟ್ಟ ರೊಕ್ಕವನ್ನೂ ಆ ಪಟ್ಟಿಯಲ್ಲಿ ಬರೆಯುವುದು ಎಂಥ ನ್ಯಾಯ? ಹೋದ ವರ್ಷ ನಮ್ಮ ಹುಡುಗ ಪಾಸಾದಾಗ ಅವರು ಐನೂರು ಕೊಟ್ಟಿದ್ದರು, ಈ ಸಲ ಅವರ ಹುಡುಗಿ ಪಾಸಾಗಿದ್ದಾಳೆ, ಐನೂರಕ್ಕೆ ಕಡಿಮೆ ಕೊಟ್ಟರೆ ಹೆಂಗ, ಸಾವಿರ ಕೊಡಲಿಲ್ಲವೆಂದರೆ ನಮ್ಮ ಮರ್ಯಾದೆ ಏನು? ಹೀಗೆ ಲೆಕ್ಕ ಹಾಕುವ ಹೊತ್ತಿಗೆ ಆ ಹುಡುಗಿ ಮುಂದೆ ಏನು ಓದುತ್ತಾಳೆ, ಅದಕ್ಕೆ ಏನು ಬೇಕು ಎಂಬ ಮಾತು ಯಾರ ಬಾಯಲ್ಲೂ ಬಂದಿರುವುದಿಲ್ಲ.

ಈ ಮರ್ಯಾದೆಯ ಬೆಲೆ ಕಟ್ಟುವವರು ಯಾರು ಎಂಬುದನ್ನೂ ನೋಡಬೇಕು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯನ್ನು ನಂಬಿದ ಸೀಮೆ. ನೀರು ಬಂದ ವರ್ಷ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಬಾರದ ವರ್ಷ ಕಿರಾಣಿ ಅಂಗಡಿಯವನಿಗೂ ಮುಖ ತೋರಿಸಲಾಗದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಇಡೀ ಸೀಮೆಯೇ ನಿದ್ದೆಗೆಟ್ಟಿತು. ಇಂಥ ವರ್ಷಗಳಲ್ಲೂ ಮುಯ್ಯಿ ಪಟ್ಟಿಯೊಳಗಿನ ಅಂಕಿ ಮಾತ್ರ ಇಳಿಯುವುದಿಲ್ಲ. ಇಳಿಸಿದರೆ ಆಡಿಕೊಳ್ಳುತ್ತಾರೆ ಎಂಬ ಅಂಜಿಕೆ. ಹಾಗಾಗಿ ಸಂಘದಿಂದ ಎತ್ತುತ್ತಾರೆ, ಮೈಕ್ರೋ ಫೈನಾನ್ಸಿನಿಂದ ಎತ್ತುತ್ತಾರೆ. ಮನೆ ಬಾಗಿಲಿಗೆ ಬಂದು ಕೂಡುವ ಆ ವಸೂಲಿಗಾರರ ಕಾಟಕ್ಕೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಆ ಸಾಲಗಳೆಲ್ಲ ಬೀಜ ಗೊಬ್ಬರಕ್ಕೇ ಹೋದದ್ದಲ್ಲ, ಮುಯ್ಯಿಗೂ ಹೋಗಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೈ ಖಾಲಿ ಇದ್ದವರು ಇನ್ನೊಂದು ಉಪಾಯ ಮಾಡುತ್ತಾರೆ: ಹೋಗುವುದೇ ಇಲ್ಲ. "ಮೈಯಾಗ ಆರಾಮಿರಲಿಲ್ಲ" ಎಂದು ಹೇಳಿ ಕಳಿಸುತ್ತಾರೆ. ಸೋದರಮಾವ ಬರಲಿಲ್ಲವೆಂದು ಹುಡುಗಿ ಸಪ್ಪಗಾಗುತ್ತಾಳೆ. ಅಕ್ಕ ತಮ್ಮನ ನಡುವೆ ಮಾತು ನಿಲ್ಲುವುದಕ್ಕೆ ಇಷ್ಟು ಸಾಕು.

ಇನ್ನು ಮಾರ್ಕ್ಸ್ ನೋಡಿ ರೊಕ್ಕ ಕೊಡುವ ಹೊಸ ಚಾಳಿ. 625ಕ್ಕೆ 600 ದಾಟಿದರೆ ಇಷ್ಟು, ಫಸ್ಟ್ ಕ್ಲಾಸಿಗೆ ಇಷ್ಟು, ಬರೀ ಪಾಸಾದರೆ ಪೇಡೆ ತಿಂದು ಬೆನ್ನು ಚಪ್ಪರಿಸುವುದು. ಇದರಷ್ಟು ತಿರುವು ಮುರುವಾದ ಲೆಕ್ಕ ಬೇರೊಂದಿಲ್ಲ. ಹೆಚ್ಚು ಮಾರ್ಕ್ಸ್ ತೆಗೆದ ಹುಡುಗನಿಗೆ ಕಾಲೇಜಿನವರೇ ಕರೆದು ಸೀಟು ಕೊಡುತ್ತಾರೆ, ಸಂಘ ಸಂಸ್ಥೆಗಳು ಶಾಲು ಹೊದಿಸುತ್ತವೆ, ಜಾತಿಯ ಸಭೆಗಳು ನಗದು ಬಹುಮಾನ ಕೊಡುತ್ತವೆ. ಹೊಲದ ಕೆಲಸ, ತಮ್ಮ ತಂಗಿಯರ ಪಾಲನೆ, ಸಂಜೆಗೆ ದನದ ಮೇವು ಎಲ್ಲಾ ಮುಗಿಸಿ ಓದಿ, ಗಣಿತದಲ್ಲಿ ಅಂಚಿನ ಮೇಲೆ ನಿಂತು ಪಾಸಾದ ಮಗುವಿಗೆ ಯಾರೂ ಇಲ್ಲ. ಬಂಧುಗಳೂ ಅದಕ್ಕೆ ಕಡಿಮೆ ಕೊಟ್ಟರೆ, ಇನ್ನು ಸಾಕು, ನಿನ್ನಿಂದಾಗದು ಎಂದು ಹೇಳಿದ ಹಾಗೆಯೇ ಆಯಿತು. ಸರ್ಕಾರ, ಸಂಘ ಸಂಸ್ಥೆಗಳು ಮಾರ್ಕ್ಸಿಗೆ ಕೊಡಲಿ. ಬಂಧುಗಳು ಮಗುವಿಗೆ ಕೊಡಬೇಕು.

ಅದಕ್ಕಿಂತ ದೊಡ್ಡ ಭೇದ ಗಂಡು ಹೆಣ್ಣಿನದು. ಗಂಡು ಪಾಸಾದರೆ ರೊಕ್ಕ ಅವನ ಅಂಗಿ ಕಿಸೆಗೆ ಹೋಗುತ್ತದೆ. ಗೆಳೆಯರ ಜೊತೆ ಸಿಂಧನೂರಿಗೆ ಹೋಗಿ ಬಿರಿಯಾನಿ, ಒಂದು ಸಿನಿಮಾ, ಉಳಿದದ್ದಕ್ಕೆ ಅಪ್ಪ ಇನ್ನಷ್ಟು ಕೂಡಿಸಿ ಒಂದು ಮೊಬೈಲು. ಹೆಣ್ಣು ಪಾಸಾದರೆ ರೊಕ್ಕ ಅವ್ವನ ಕೈಗೆ ಹೋಗುತ್ತದೆ, ಅಲ್ಲಿಂದ ಡಬ್ಬಿಗೆ. "ಮುಂದ ಅಕಿ ಲಗ್ನಕ್ಕ ಆಗ್ತದ." ಪಾಸಾದದ್ದು ಪರೀಕ್ಷೆ, ಕೂಡಿಡುವುದು ಲಗ್ನಕ್ಕೆ! ಅವಳಿಗೆ ಸೀರೆ ತರುತ್ತಾರೆ, ಬಳೆ ತರುತ್ತಾರೆ. ಪೆನ್ನು ತಂದವರು ಬಲು ವಿರಳ.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯನ್ನು ಬಿಡಿಸಿ ಹೇಳಲೇಬೇಕು. ಅಕ್ಕನ ಮಗಳನ್ನು ತಂದುಕೊಳ್ಳುವ ವಾಡಿಕೆ ನಮ್ಮ ಸೀಮೆಯಲ್ಲಿ ಇನ್ನೂ ಇದೆ. ಮದುವೆಯಾಗದ ಸೋದರಮಾವ ಒಬ್ಬ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ದೊಡ್ಡ ಮೊತ್ತ ಕೊಟ್ಟ, ಅಥವಾ ಒಂದು ಉಂಗುರ ತಂದ ಎಂದರೆ ಓಣಿಯವರು ಅದನ್ನು ಓದಿನ ಕೊಡುಗೆ ಎಂದು ತಿಳಿಯುವುದಿಲ್ಲ. ಮಾತು ಆತು ಎಂದು ತಿಳಿಯುತ್ತಾರೆ. ಕೆಲವು ಕಡೆ ಕೊಟ್ಟವನ ಮನಸ್ಸಿನಲ್ಲೂ ಅದೇ ಇರುತ್ತದೆ. ಆ ರೊಕ್ಕ ತಗೊಂಡ ಮೇಲೆ ತಂದೆತಾಯಿಗಳ ನಾಲಿಗೆ ಕಟ್ಟುತ್ತದೆ. ಹುಡುಗಿಗೆ ಆಗ ಹದಿನೈದೋ ಹದಿನಾರೋ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹುಡುಗಿಗೆ 18 ತುಂಬದೆ ಮದುವೆ ಮಾಡುವಂತಿಲ್ಲ ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಮಾತು ಕಟ್ಟುವುದಕ್ಕೆ ಮುಹೂರ್ತ ಬೇಕಿಲ್ಲ, ಒಂದು ಉಂಗುರ ಸಾಕು. ಹೀಗಾಗಿ ನಮ್ಮ ಸ್ಪಷ್ಟ ಅಭಿಪ್ರಾಯ: ಓದಿದ ಹುಡುಗಿಗೆ ಚಿನ್ನ ಕೊಡಬೇಡಿ. ಹಟ್ಟಿಯ ಗಣಿ ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲೇ ಇದ್ದರೂ ನಮಗೇನೂ ಅಗ್ಗಕ್ಕೆ ಸಿಗುವುದಿಲ್ಲ. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲಿ ಲಕ್ಷ ರೂಪಾಯಿ ದಾಟಿತು. ಅದು ಹಾಗಿರಲಿ, ಅಗ್ಗವಾಗಿದ್ದರೂ ಬೇಡ. ಸೋದರಮಾವ ಕೊಡುವುದು ಉಳಿದ ಬಂಧುಗಳು ಕೊಡುವ ಲೆಕ್ಕದಲ್ಲೇ ಇರಲಿ, ಎಲ್ಲರೆದುರು ಇರಲಿ, "ಇದು ನಿನ್ನ ಕಾಲೇಜಿಗವ್ವ" ಎಂದು ಬಾಯಿಬಿಟ್ಟು ಹೇಳಿ ಕೊಡಲಿ.

ಹಾಗಾದರೆ ಎಷ್ಟು ಕೊಡಬೇಕು? ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೆ ಜಾರಿಕೊಳ್ಳುವುದು ಈ ಅಂಕಣದ ರೀತಿಯಲ್ಲ. ನಮ್ಮ ಸಲಹೆ ಇಷ್ಟೇ: ಕೊಡುವವನ ಒಂದು ದಿನದ ದುಡಿಮೆ.

ಕೂಲಿಗೆ ಹೋಗುವವನು ಒಂದು ದಿನದ ಕೂಲಿ ಕೊಡಲಿ. ಉದ್ಯೋಗ ಖಾತ್ರಿಯಲ್ಲಿ 2025-26ನೇ ಸಾಲಿಗೆ ಕರ್ನಾಟಕದಲ್ಲಿ ದಿನಗೂಲಿ 370 ರೂಪಾಯಿ ಎಂದು ಗೊತ್ತು ಮಾಡಿದ್ದರು. ಅದನ್ನೇ ಅಳತೆ ಇಟ್ಟುಕೊಳ್ಳಬಹುದು. ತಿಂಗಳಿಗೆ 60 ಸಾವಿರ ಪಗಾರ ಎಣಿಸುವ ನೌಕರ 2,000 ಕೊಡಲಿ, ಅವನ ಒಂದು ದಿನ ಅಷ್ಟಾಗುತ್ತದೆ. ಕಿರಾಣಿ ಅಂಗಡಿಯವನು ಅಂದಿನ ಗಲ್ಲೆಯಲ್ಲಿ ಉಳಿದ ಲಾಭ ಕೊಡಲಿ. ರೈತನಿಗೆ ದಿನದ ಲೆಕ್ಕ ಹಿಡಿಯುವುದು ಕಷ್ಟ. ಬೆಳೆ ಬಂದ ವರ್ಷ ಒಂದು ಚೀಲ ಭತ್ತದ ಬೆಲೆ ಎಂದಿಟ್ಟುಕೊಳ್ಳೋಣ. ಕ್ವಿಂಟಲ್ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ 2025-26ಕ್ಕೆ ಇಟ್ಟ ಬೆಂಬಲ ಬೆಲೆ 2,369 ರೂಪಾಯಿ. 75 ಕಿಲೋ ಚೀಲಕ್ಕೆ ಹೆಚ್ಚು ಕಡಿಮೆ 1,777 ಆಗುತ್ತದೆ. ದಲಾಲಿ ಅಂಗಡಿಯಲ್ಲಿ ಆ ಬೆಲೆ ಸಿಕ್ಕಿತೋ ಇಲ್ಲವೋ ಎಂಬುದು ಬೇರೆ ಮಾತು, ಸಿಕ್ಕಷ್ಟೇ ಲೆಕ್ಕ. ಬೆಳೆ ಬಾರದ ವರ್ಷ ಅವನೂ ಕೂಲಿಯವನ ಹಾಗೆ 370 ಕೊಟ್ಟರೆ ಯಾರೂ ಬೆರಳು ತೋರಿಸಬಾರದು. ಸ್ವಂತ ಸೋದರಮಾವ, ಸ್ವಂತ ಕಾಕಾ ಆದರೆ ಒಂದರ ಬದಲು ಎರಡು ದಿನ. ರಕ್ತಸಂಬಂಧಕ್ಕೆ ಅಷ್ಟು ಬೆಲೆ ಇರಲಿ.

ಇದು ಎಲ್ಲಿಗೆ ಮುಟ್ಟುತ್ತದೆ ನೋಡಿ. ಒಂದು ಹುಡುಗಿಗೆ ಕೂಲಿ ಮಾಡುವ ನಾಲ್ಕು ಮನೆ ಬಂಧುಗಳಿದ್ದರೆ 1,480. ಐನೂರು ಕೊಡುವ ಎರಡು ಅಂಗಡಿಯವರು ಇದ್ದರೆ 1,000. ನೌಕರದಾರ ಒಬ್ಬ ಇದ್ದರೆ 2,000. ಕೂಲಿಯ ಸೋದರಮಾವನ ಎರಡು ದಿನದ್ದು 740. ಕೂಡಿಸಿದರೆ 5,220 ರೂಪಾಯಿ ಆಯಿತು. ಯಾರೂ ಸಾಲ ಮಾಡಲಿಲ್ಲ, ಯಾರೂ ತಲೆ ತಗ್ಗಿಸಲಿಲ್ಲ. 2021ರಲ್ಲಿ ರೈತರ ಮಕ್ಕಳಿಗಾಗಿ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಆರಂಭಿಸಿದಾಗ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ ವರ್ಷಕ್ಕೆ 2,500, ಹುಡುಗಿಯರಿಗೆ 3,000 ಎಂದು ಗೊತ್ತುಪಡಿಸಿದ್ದರು. ಸರ್ಕಾರ ಇಡೀ ವರ್ಷಕ್ಕೆಂದು ಇಟ್ಟದ್ದಕ್ಕಿಂತ ಎಂಟು ಮನೆಯವರ ಒಂದೆರಡು ದಿನದ ದುಡಿಮೆಯೇ ಹೆಚ್ಚಾಯಿತಲ್ಲ! ಹುಡುಗಿಯರಿಗೆ ಐನೂರು ಹೆಚ್ಚು ಇಟ್ಟ ಆ ಬುದ್ಧಿಯನ್ನು ಬಂಧುಗಳೂ ಕಲಿಯಬಹುದು. ಹೆಚ್ಚು ಬೇಡ, ಸಮಾನವಾಗಿಯಾದರೂ ಕೊಡಿ.

ಇದಕ್ಕೆ ಏಳುವ ಆಕ್ಷೇಪಣೆ ನಮಗೆ ಗೊತ್ತು. ಪಗಾರದವನು 2,000 ಕೊಟ್ಟು ಕೂಲಿಯವನು 370 ಕೊಟ್ಟರೆ ಕೂಲಿಯವನು ಸಣ್ಣವನಾಗುವುದಿಲ್ಲವೆ? ಆಗುತ್ತಾನೆ, ಮೊತ್ತವನ್ನು ಓದಿ ಹೇಳಿದರೆ. ಆದ್ದರಿಂದ ಓದುವುದು ಬೇಡ, ಬರೆಯುವುದೂ ಬೇಡ. ಮದುವೆಯ ಮುಯ್ಯಿ ಪಟ್ಟಿ ಟ್ರಂಕಿನಲ್ಲೇ ಇರಲಿ, ಮಗುವಿನ ರೊಕ್ಕಕ್ಕೆ ಪಟ್ಟಿ ಇಡಬಾರದು. ಲಕೋಟೆಯ ಮೇಲೆ ಹೆಸರೂ ಬೇಡ. ಯಾರು ಎಷ್ಟು ಕೊಟ್ಟರು ಎಂದು ತಂದೆತಾಯಿಗಳಿಗೆ ಗೊತ್ತಾದರೆ ತಾನೇ ಮುಂದೆ ತಿರುಗಿ ಕೊಡುವ ಹಂಗು? ತಿರುಗಿ ಕೊಡಲೇಬೇಕೆಂಬ ಮನಸ್ಸಿದ್ದರೆ ಆ ಮಗುವೇ ಮುಂದೊಂದು ದಿನ ದುಡಿಯಲು ಹತ್ತಿದ ಮೇಲೆ ತನ್ನ ತಮ್ಮ ತಂಗಿಯರಿಗೆ ಕೊಡಲಿ. ಅಮೆರಿಕದಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಬಂಧುಗಳು ಒಂದು ಕಾರ್ಡಿನೊಳಗೆ ಡಾಲರ್ ಇಟ್ಟು ಕೊಡುತ್ತಾರಂತೆ. ತಿರುಗಿ ಅವರಿಗೆ ಸಿಗುವುದು ಮಗು ತನ್ನ ಕೈಯಾರೆ ಬರೆದ ನಾಲ್ಕು ಸಾಲಿನ ಕಾಗದ. ಇದು ನಮ್ಮಲ್ಲೂ ನಡೆಯಬಹುದಾದ ಪದ್ಧತಿ. "ಮಾವ, ನೀವು ಕೊಟ್ಟ ರೊಕ್ಕದಾಗ ಭೌತಶಾಸ್ತ್ರದ ಪುಸ್ತಕ ತಗೊಂಡೆ" ಎಂದು ಒಂದು ಸಾಲು ಬರೆದರೆ ಕಳೆದುಕೊಳ್ಳುವುದೇನು?

ಕೊನೆಗೆ ಒಂದು ರೂಪಾಯಿ ಕೂಡಿಸುವುದು ಮಾತ್ರ ಬಿಡಬೇಡಿ. ಐನೂರಾ ಒಂದು, ಸಾವಿರದಾ ಒಂದು ಎನ್ನುವುದರಲ್ಲಿ ಒಂದು ಚಂದ ಇದೆ. ಸೊನ್ನೆಗೆ ನಿಲ್ಲಬಾರದು, ಮುಂದೆ ಬೆಳೆಯಬೇಕು ಎಂಬ ಭಾವನೆ ಅದು. ಈಗ ಫೋನ್‌ಪೇ ಮಾಡುವವರೂ 501 ಎಂದೇ ಒತ್ತುತ್ತಾರೆ. ಯಂತ್ರಕ್ಕೂ ನಮ್ಮ ಮಂದಿ ಶಾಸ್ತ್ರ ಕಲಿಸಿದ್ದಾರೆ!

ಎಷ್ಟು ಎಂಬುದರಷ್ಟೇ ಮುಖ್ಯವಾದದ್ದು ಯಾವಾಗ ಎಂಬುದು. ಫಲಿತಾಂಶ ಬರುವುದು ಬೇಸಿಗೆಯಲ್ಲಿ. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಅದರ ಬೆನ್ನಿಗೇ ಪಿಯು ಕಾಲೇಜುಗಳ ಪ್ರವೇಶ. ನಮ್ಮ ಬಂಧುಗಳು ಬರುವುದು ಯಾವಾಗ? ಕೆಲವರು ಜಾತ್ರೆಗೆ ಬಂದಾಗ, ಕೆಲವರು ಪಂಚಮಿಗೆ, ಇನ್ನು ಕೆಲವರು ದೀಪಾವಳಿಗೆ. ಅಷ್ಟು ಹೊತ್ತಿಗೆ ಪ್ರವೇಶದ ಗಡುವು ಮುಗಿದು, ಹುಡುಗಿ ಭತ್ತದ ನಾಟಿಗೆ ಹೋಗಿ ಕೂಲಿ ತಂದಿರುತ್ತಾಳೆ. ಕೂಲಿ ತರುವ ಕೈಯನ್ನು ಮತ್ತೆ ಕಾಲೇಜಿಗೆ ಕಳಿಸುವ ಮನೆ ನೂರಕ್ಕೆ ಎಷ್ಟು? ಜಪಾನಿನ ಪದ್ಧತಿ ನಮಗಿಂತ ಮೇಲು. ಅಲ್ಲಿ ಬಂಧುಗಳು ರೊಕ್ಕ ಕೊಡುವುದು ಮುಖ್ಯವಾಗಿ ಮುಂದಿನ ಶಾಲೆಗೆ ಸೇರುವುದಕ್ಕೆ. ಖರ್ಚು ಬೀಳುವುದು ಆಗಲೇ ಎಂಬುದು ಅವರಿಗೆ ಗೊತ್ತು. ಪಾಸಾದದ್ದಕ್ಕೆ ಪೇಡೆ ಸಾಕು, ರೊಕ್ಕ ಸೇರುವುದಕ್ಕೆ ಬೇಕು.

ಏನು ಖರ್ಚು ಅಂತೀರಾ? ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ದೊಡ್ಡದಲ್ಲ, ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ಸಿನ ಖರ್ಚೂ ತಪ್ಪಿತು. ಸಿಂಧನೂರಿಗೆ ಹೋಗಿ ಬರುವ ಎಷ್ಟೋ ಹುಡುಗಿಯರ ಓದು ಅದರಿಂದಲೇ ಉಳಿದಿದೆ ಎಂದರೆ ತಪ್ಪಾಗದು. ಆದರೆ ಹುಡುಗರಿಗೆ ಪಾಸ್ ಮಾಡಿಸಬೇಕು. ಇಬ್ಬರಿಗೂ ಪುಸ್ತಕ, ನೋಟ್ ಪಟ್ಟಿ, ಒಂದು ಚೀಲ, ಎರಡು ಜೊತೆ ಬಟ್ಟೆ, ಮಳೆಗಾಲಕ್ಕೆ ಒಂದು ಛತ್ರಿ. ಹಾಸ್ಟೆಲ್ ಸಿಕ್ಕಿತು ಎಂದರೆ ಟ್ರಂಕು, ಬಕೀಟು, ಚಾದರ, ತಾಟು. ವಿಜ್ಞಾನ ತಗೊಂಡರೆ ಪುಸ್ತಕದ ಖರ್ಚೇ ಬೇರೆ. ಜಾತಿ ಆದಾಯದ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಓಡಾಟ. ಡಿಪ್ಲೊಮಾ ಕಡೆ ಹೋಗುವವರಿಗೆ 371(ಜೆ) ಪ್ರಮಾಣಪತ್ರಕ್ಕೆ ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿಗೆ ಓಡಾಟ. ಓಡಾಟವೆಂದರೆ ಬಸ್ಸಿನ ಟಿಕೀಟು ಅಷ್ಟೇ ಅಲ್ಲ, ಅಪ್ಪನ ಒಂದು ದಿನದ ಕೂಲಿ ಹೋಯಿತು ಎಂದರ್ಥ. ಹೋದ ದಿನ ಸಾಹೇಬರು ಇರದಿದ್ದರೆ ಎರಡು ದಿನದ್ದು. ಈ ಸಣ್ಣ ಸಣ್ಣ ಖರ್ಚುಗಳೇ ಕೂಡಿ, "ಈ ವರ್ಷ ಬ್ಯಾಡ ಬಿಡು, ಮುಂದಿನ ವರ್ಷ ನೋಡೋಣು" ಎನ್ನುವ ಮಾತಾಗುವುದು. ಆ ಮುಂದಿನ ವರ್ಷ ಬರುವುದಿಲ್ಲ.

ನಿಜಾಮರ ಕಾಲದಲ್ಲಿ ಈ ಸೀಮೆಯ ಹಳ್ಳಿಯ ಹುಡುಗ ಮೆಟ್ರಿಕ್ ಓದಬೇಕೆಂದರೆ ಉರ್ದುವಿನಲ್ಲಿ ಓದಬೇಕಿತ್ತು, ಮನೆ ಬಿಟ್ಟು ದೂರದ ಊರಿಗೆ ಹೋಗಬೇಕಿತ್ತು. 1948ರಲ್ಲಿ ಆ ಆಳ್ವಿಕೆ ಹೋಯಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು, 2012ರ ತಿದ್ದುಪಡಿಯಿಂದ ಸಂವಿಧಾನದಲ್ಲೇ ನಮಗೊಂದು ವಿಶೇಷ ಸ್ಥಾನ ಸಿಕ್ಕಿತು. ಆ ಮೀಸಲಾತಿಯ ಫಲ ಬೇಕಾದರೂ ಹುಡುಗಿ ಮೊದಲು ಪಿಯುಸಿ ಬಾಗಿಲು ದಾಟಬೇಕಲ್ಲ. 371(ಜೆ) ಹೋರಾಟಕ್ಕೆ ದಶಕಗಟ್ಟಲೆ ಕೂಗಿದ ನಾವು, ನಮ್ಮ ಅಣ್ಣನ ಮಗಳ ಪ್ರವೇಶ ಶುಲ್ಕ ಎಷ್ಟೆಂದು ಒಂದು ಮಾತು ಕೇಳುವುದಿಲ್ಲ.

ರೊಕ್ಕ ಯಾರ ಕೈಗೆ ಕೊಡಬೇಕೆಂಬ ಪ್ರಶ್ನೆಯೂ ಇದೆ. ಅಪ್ಪನ ಕೈಗೆ ಕೊಟ್ಟರೆ ಕೆಲವು ಮನೆಗಳಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿ ಬರೆಯುವುದು ಬೇಡ, ಓದುಗರು ಬಲ್ಲರು. ಅವ್ವನ ಕೈಗೆ ಕೊಟ್ಟರೆ ಲಗ್ನದ ಡಬ್ಬಿ. ಮಗುವಿನ ಹೆಸರಲ್ಲಿ ಖಾತೆ ಇದ್ದರೆ ಅದಕ್ಕೇ ಹಾಕುವುದು ಒಳ್ಳೆಯದು. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2025ರಲ್ಲಿ ಸ್ಪಷ್ಟಪಡಿಸಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕಿಗೆ ಬಿಟ್ಟಿದ್ದಾರೆ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಖಾತೆ ಆಗುತ್ತದೆ. ವಿದ್ಯಾರ್ಥಿವೇತನ ಬರಬೇಕಾದರೂ ಆಧಾರ್ ಜೋಡಿಸಿದ ಖಾತೆ ಬೇಕೇ ಬೇಕು. ಹಾಗಾಗಿ ಯಾರಾದರೂ ಒಬ್ಬ ಕಾಕಾ ರೊಕ್ಕ ಕೊಡುವ ಬದಲು ಹುಡುಗಿಯನ್ನು ಕರೆದುಕೊಂಡು ಹೋಗಿ ಖಾತೆ ಮಾಡಿಸಿ, ಆಧಾರ್ ಜೋಡಿಸಿ ಬಂದರೆ ಅದೂ ಮುಯ್ಯಿಯೇ. ನಾಡಕಚೇರಿಯ ಸರದಿಯಲ್ಲಿ ನಿಲ್ಲುವುದೂ ಮುಯ್ಯಿಯೇ. ಮೊದಲೇ ಕಾಲೇಜು ಓದಿದ ದೊಡ್ಡಪ್ಪನ ಮಗ ಆರ್ಟ್ಸು, ಕಾಮರ್ಸು, ಐಟಿಐ ಇವುಗಳಲ್ಲಿ ಯಾವುದಕ್ಕೆ ಹೋದರೆ ಏನು ದಾರಿ ಎಂದು ಒಂದು ಸಂಜೆ ಕೂತು ಬಿಡಿಸಿ ಹೇಳಿದರೆ, ಅವನು ಐನೂರಾ ಒಂದು ಕೊಟ್ಟದ್ದಕ್ಕಿಂತ ದೊಡ್ಡದು. ಕಿಸೆ ಖಾಲಿ ಇದ್ದವರು ಮುಖ ತಪ್ಪಿಸುವುದು ಬೇಡ, ಬಂದು ಈ ಕೆಲಸ ಮಾಡಲಿ. ಅವರಿಗೂ ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಉಂಟು.

ಇನ್ನು ಫೇಲಾದ ಮಗುವಿನ ಮಾತು. ಆ ಮನೆಗೆ ಯಾರೂ ಹೋಗುವುದಿಲ್ಲ. ಸತ್ತ ಮನೆಗಾದರೂ ನಾಲ್ಕು ಮಂದಿ ಹೋಗುತ್ತಾರೆ! ಫಲಿತಾಂಶದ ಮರುದಿನ ಮಕ್ಕಳು ಬಾವಿ, ಕಾಲುವೆ ನೋಡಿಕೊಂಡ ಸುದ್ದಿಗಳನ್ನು ಅಚ್ಚು ಮಾಡಿ ನಮ್ಮ ಕೈಗೇ ಬೇಸರವಾಗಿದೆ. ಈಗ ಒಂದು ವರ್ಷ ಕಾಯಬೇಕಾಗಿಲ್ಲ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕೂಡುವ ಅವಕಾಶ ಇದೆ. ಎರಡು ವಿಷಯ ಹೋದ ಹುಡುಗ ಕೆಲವೇ ವಾರಗಳಲ್ಲಿ ಮತ್ತೆ ಕೂತು, ಅದೇ ವರ್ಷ ಕಾಲೇಜು ಸೇರಬಹುದು. ಅವನಿಗೆ ಬೇಕಾದದ್ದು ಆ ಕೆಲವು ವಾರ ಕೂಲಿಗೆ ಕಳಿಸದೆ ಓದಲು ಬಿಡುವುದು, ಗಣಿತ ಇಂಗ್ಲಿಷ್ ಹೇಳಿಕೊಡುವ ಒಬ್ಬರು. ಪಾಸಾದ ಮಗುವಿಗೆ ಒಂದು ದಿನದ ದುಡಿಮೆ ಎಂದೆವಲ್ಲ, ಫೇಲಾದ ಮಗುವಿಗೂ ಅದೇ ಒಂದು ದಿನ. ಮೊದಲು ಅವನ ಮನೆಗೆ ಹೋಗಿ, ಆಮೇಲೆ ಪೇಡೆ ಹಂಚುವ ಮನೆಗೆ ಹೋಗಿ ಎನ್ನುವುದು ನಮ್ಮ ಕೋರಿಕೆ. "ಏ ತಮ್ಮಾ, ಮತ್ತ ಪರೀಕ್ಷಿ ಅದ ಅಲ್ಲ, ಇದನ್ನ ತಗೊಂಡು ಗೈಡ್ ತಾ" ಎಂದು 370 ರೂಪಾಯಿ ಕೈಗಿಟ್ಟ ಕಾಕಾನನ್ನು ಆ ಹುಡುಗ ಮರೆಯುವುದುಂಟೆ?

ಓಣಿಯ ಹಿರಿಯರು, ಯುವಕ ಸಂಘಗಳು, ಮಠ ಮಸೀದಿಗಳ ಕಮಿಟಿಯವರು ಇದನ್ನು ತಮ್ಮ ತಮ್ಮ ಕಡೆ ಒಮ್ಮೆ ಆಡಿ ನೋಡಬಹುದು. ಸನ್ಮಾನ ಸಮಾರಂಭದ ಪೆಂಡಾಲು, ಹಾರ, ಫ್ಲೆಕ್ಸಿಗೆ ಆಗುವ ಖರ್ಚಿನಲ್ಲಿ ಎಷ್ಟು ಮಕ್ಕಳಿಗೆ ಪುಸ್ತಕ ಬರುತ್ತದೆ ಎಂಬ ಲೆಕ್ಕ ಹಾಕಲು ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ಫ್ಲೆಕ್ಸಿನಲ್ಲಿ ಮಗುವಿನ ಫೋಟೊ ಬೆರಳಿನಷ್ಟು, ಹಾರೈಸುವ ಮುಖಂಡರ ಫೋಟೊ ಬಾಗಿಲಿನಷ್ಟು ಇರುವುದನ್ನು ನೋಡಿದ್ದೇವೆ, ಅದರ ಬಗ್ಗೆ ಇನ್ನೊಂದು ದಿನ ಬರೆಯೋಣ.

ಸದ್ಯಕ್ಕೆ ಬಂಧುಗಳಿಗೆ ಒಂದು ಮಾತು. ಫಲಿತಾಂಶದ ದಿನ ಫೋನು ಮಾಡಿದಾಗ ಎಷ್ಟು ಮಾರ್ಕ್ಸ್ ಎಂದು ಕೇಳುವ ಜೊತೆಗೇ ಯಾವ ಕಾಲೇಜು, ಪ್ರವೇಶಕ್ಕೆ ಕೊನೆಯ ದಿನ ಯಾವುದು ಎಂದೂ ಕೇಳಿಕೊಳ್ಳಿ. ಆ ದಿನಕ್ಕಿಂತ ಒಂದು ವಾರ ಮುಂಚೆ ರೊಕ್ಕ ಮುಟ್ಟಿಸಿ. ಅರ್ಜಿಗೆ, ಹುಡುಗನಾದರೆ ಬಸ್ ಪಾಸಿಗೆ, ಫೋಟೊ ಬೇಕಾಗುತ್ತವೆ. ಅವನ್ನೂ ಆ ರೊಕ್ಕದಲ್ಲೇ ತೆಗೆಸಿಕೊಳ್ಳಲಿ.